ಒಂದೇ ಹೆಸರು, ಹಲವು ಬಾಳು: ಮೌಖಿಕ ಇತಿಹಾಸದ ಒಂದು ಅಭ್ಯಾಸ

ಹೆಸರು ಹುಟ್ಟಿರುವುದು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ. ಆದರೆ ಜನಸಂಖ್ಯೆ ಹೆಚ್ಚಿದಂತೆಲ್ಲ ಒಂದೇ ಹೆಸರನ್ನು ಹೊತ್ತವರೂ ಹೆಚ್ಚುತ್ತಾರೆ. ಗುರುತಿಗಾಗಿ ಇಟ್ಟ ಹೆಸರೇ ಗುರುತನ್ನು ಮಸುಕುಗೊಳಿಸುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಯಾವುದೇ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ತೆರೆದು ನೋಡಿದವರಿಗೆ ಈ ಮಾತು ಮನವರಿಕೆಯಾಗದೆ ಇರದು. ಸುಂದರ, ಶೇಖರ, ವಿಠ್ಠಲ, ಲಕ್ಷ್ಮೀ, ಗಿರಿಜಾ, ಸರೋಜಿನಿ ಎಂಬ ಹೆಸರುಗಳೂ, ಶೆಟ್ಟಿ, ಪೂಜಾರಿ, ಸುವರ್ಣ, ರಾವ್, ಭಟ್, ಪಾಟೀಲ ಎಂಬ ಉಪನಾಮಗಳೂ ಅಲ್ಲಿ ಪುಟಪುಟದಲ್ಲಿ ಎದುರಾಗುತ್ತವೆ.

ನಿತ್ಯವ್ಯವಹಾರದಲ್ಲಿ ಇದರಿಂದ ದೊಡ್ಡ ತೊಡಕೇನೂ ಇಲ್ಲ. 'ಹೋಟೆಲಿನ ಶೆಟ್ಟರು', 'ಬ್ಯಾಂಕಿನ ಶೆಟ್ಟರು', 'ಮೂರನೆಯ ಮಾಳಿಗೆಯ ಗಿರಿಜಕ್ಕ' ಎಂದರೆ ಬಲ್ಲವರಿಗೆ ಸಾಕು. ಆದರೆ ಬಲ್ಲವರೂ ಒಂದು ದಿನ ಇಲ್ಲವಾಗುತ್ತಾರೆ. ಆಗ ಉಳಿಯುವುದು ಕಾಗದದ ಮೇಲಿನ ಹೆಸರು, ಅಥವಾ ಮುದ್ರಿಸಿಟ್ಟ ಧ್ವನಿ. ಆ ಧ್ವನಿಯು ಯಾವ ಸುಂದರ ಶೆಟ್ಟರದು, ಯಾವ ಗಿರಿಜಾ ಅವರದು ಎಂದು ಹೇಳುವವರಿಲ್ಲದಿದ್ದರೆ ಧ್ವನಿ ಉಳಿದೂ ವ್ಯಕ್ತಿ ಅಳಿದಂತೆ. ಊರು ಬಿಟ್ಟು ಬಂದ ಹಿರಿಯರ ಅನುಭವಗಳನ್ನು ಮುದ್ರಿಸಿಕೊಳ್ಳಬೇಕೆಂಬ ಉತ್ಸಾಹ ಇಂದು ಅನೇಕ ಮನೆಗಳಲ್ಲಿಯೂ ಸಂಘಗಳಲ್ಲಿಯೂ ಕಾಣಿಸುತ್ತಿರುವುದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಿಶೀಲಿಸುವುದು ಯುಕ್ತ.

ಮೌಖಿಕ ಇತಿಹಾಸವೆಂದರೇನು?

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಬರೆದಿಡುವ ಶಕ್ತಿಯೂ ಬಿಡುವೂ ಇಲ್ಲದ ಸಾಮಾನ್ಯರ ಬಾಳು ಅದರೊಳಗೆ ಬರಲಿಲ್ಲ. ಆ ಕೊರತೆಯನ್ನು ತುಂಬಲು ಹುಟ್ಟಿದ ಕ್ರಮವೇ ಮೌಖಿಕ ಇತಿಹಾಸ. ಘಟನೆಯನ್ನು ಕಂಡುಂಡವರನ್ನು ಪ್ರಶ್ನಿಸಿ, ಅವರ ಉತ್ತರಗಳನ್ನು ಅವರ ಮಾತಿನಲ್ಲೇ ಮುದ್ರಿಸಿ, ಬರಹಕ್ಕಿಳಿಸಿ, ಮುಂದಿನವರ ಅಭ್ಯಾಸಕ್ಕಾಗಿ ಕಾಪಿಡುವುದು ಇದರ ಸಾರ. 1948ರಲ್ಲಿ ಅಮೇರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸಕಾರ ಆಲನ್ ನೆವಿನ್ಸ್ ಈ ಕಾರ್ಯಕ್ಕೆ ಒಂದು ವ್ಯವಸ್ಥಿತ ರೂಪ ಕೊಟ್ಟರು. ನಮ್ಮ ದೇಶದಲ್ಲಿ ದಿಲ್ಲಿಯ ತೀನ್‌ಮೂರ್ತಿ ಭವನದ ನೆಹರೂ ಸ್ಮಾರಕ ಗ್ರಂಥಾಲಯವು ಸ್ವಾತಂತ್ರ್ಯ ಹೋರಾಟಗಾರರ ಸಂದರ್ಶನಗಳನ್ನು ಸಂಗ್ರಹಿಸಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ನುಡಿಯೂ ಅವುಗಳಲ್ಲಿ ಸೇರಿದೆ. ಮುಂಬಯಿಯಲ್ಲಿ 1988ರಲ್ಲಿ ಸ್ಥಾಪಿತವಾದ 'ಸ್ಪ್ಯಾರೋ' ಎಂಬ ಸಂಸ್ಥೆ ಸ್ತ್ರೀಯರ ಬದುಕಿನ ಧ್ವನಿ ಮತ್ತು ಚಿತ್ರಗಳಿಗಾಗಿಯೇ ಒಂದು ದಾಖಲೆ ಭಂಡಾರವನ್ನು ಕಟ್ಟಿತು. ನೀರಾ ಆಡಾರ್ಕರ್ ಮತ್ತು ಮೀನಾ ಮೆನನ್ ಅವರು ಗಿರಣಗಾಂವಿನ ಬಟ್ಟೆ ಗಿರಣಿ ಕಾರ್ಮಿಕರ ಮಾತುಗಳನ್ನು ಕಲೆಹಾಕಿ 2004ರಲ್ಲಿ ಪ್ರಕಟಿಸಿದ ಗ್ರಂಥವು ಈ ಮಹಾನಗರದ ಮೌಖಿಕ ಇತಿಹಾಸಕ್ಕೆ ಒಂದು ಮಾದರಿಯಾಗಿದೆ.

ಹೆಸರಾಂತ ವ್ಯಕ್ತಿಯ ಸಂದರ್ಶನದಲ್ಲಿ ಗುರುತಿನ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಸಾಮಾನ್ಯರ ಸಂದರ್ಶನಗಳು ನೂರಾದಾಗ, ಒಂದೇ ಹೆಸರಿನ ನಾಲ್ಕಾರು ಜನರ ನುಡಿಗಳು ಒಂದೇ ಕಪಾಟಿನಲ್ಲಿ ಕೂಡಿದಾಗ, ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ನಾಗವರ್ಮರ ಪಾಠ

ಹೆಸರಿನ ಸಾಮ್ಯದಿಂದ ಎಂತಹ ಗೊಂದಲ ಉಂಟಾಗಬಹುದೆಂಬುದಕ್ಕೆ ಕನ್ನಡ ಸಾಹಿತ್ಯಚರಿತ್ರೆಯೇ ಒಂದು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ನಾಗವರ್ಮನೆಂಬ ಹೆಸರಿನಲ್ಲಿ 'ಛಂದೋಂಬುಧಿ', 'ಕರ್ಣಾಟಕ ಕಾದಂಬರಿ', 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ', 'ವಸ್ತುಕೋಶ' ಮುಂತಾದ ಕೃತಿಗಳು ನಮಗೆ ದೊರೆತಿವೆ. ಇವೆಲ್ಲವೂ ಒಬ್ಬನವೇ, ಇಬ್ಬರವೇ ಎಂಬುದನ್ನು ವಿದ್ವಾಂಸರು ಬಹಳ ಶ್ರಮಪಟ್ಟು ವಿವೇಚಿಸಬೇಕಾಯಿತು. ಮೊದಲಿನ ಎರಡು ಹತ್ತನೆಯ ಶತಮಾನದ ಕೊನೆಯ ನಾಗವರ್ಮನವು, ಉಳಿದವು ಅವನ ನಂತರದ ಇನ್ನೊಬ್ಬ ನಾಗವರ್ಮನವು ಎಂಬ ಅಭಿಪ್ರಾಯ ಸಾಮಾನ್ಯವಾಗಿ ನೆಲೆಗೊಂಡಿದೆ.

ಗೊಂದಲ ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ನಾಗವರ್ಮನು ಜಗದೇಕಮಲ್ಲನೆಂಬ ಚಾಲುಕ್ಯ ಅರಸನ ಕಟಕೋಪಾಧ್ಯಾಯನಾಗಿದ್ದನು. ಆದರೆ 'ಜಗದೇಕಮಲ್ಲ' ಎಂಬುದು ಹನ್ನೊಂದನೆಯ ಶತಮಾನದ ಜಯಸಿಂಹನಿಗೂ ಇದ್ದ ಬಿರುದು. ಹನ್ನೆರಡನೆಯ ಶತಮಾನದ ಇನ್ನೊಬ್ಬ ಅರಸನಿಗೂ ಇದ್ದ ಹೆಸರು. 1907ರಲ್ಲಿ ಮೊದಲ ಸಂಪುಟ ಪ್ರಕಟವಾದ 'ಕರ್ಣಾಟಕ ಕವಿಚರಿತೆ'ಯಲ್ಲಿ ಆರ್. ನರಸಿಂಹಾಚಾರ್ಯರು ಈ ಕವಿಯ ಕಾಲವನ್ನು 1145ರ ಸುಮಾರಿಗೆ ನಿರ್ಣಯಿಸಿದ್ದರು. ಮುಂದೆ ಅವನ 'ವರ್ಧಮಾನ ಪುರಾಣ'ವು ದೊರೆತು, ಅದರ ಕಾಲ 1042 ಎಂದು ತಿಳಿದ ಮೇಲೆ, ಕವಿಯು ನೂರು ವರ್ಷ ಹಿಂದಕ್ಕೆ ಸರಿಯಬೇಕಾಯಿತು. ಕವಿಯ ಹೆಸರಿನಂತೆ ಅರಸನ ಹೆಸರೂ ಇಬ್ಬರಿಗೆ ಸೇರಿದ್ದುದೇ ಈ ತೊಡಕಿಗೆ ಕಾರಣ. ಕೃತಿಯಲ್ಲಿ ಒಂದು ತೇದಿ, ಒಂದು ಊರು, ತಂದೆತಾಯಿಯರ ಒಂದು ಹೆಸರು ಸ್ಪಷ್ಟವಾಗಿದ್ದರೆ ಎಷ್ಟು ಶ್ರಮ ಉಳಿಯುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಕಾಯಕ ಮತ್ತು ಅಂಕಿತ

ಆದರೆ ಇದೇ ಪರಂಪರೆಯಲ್ಲಿ ತೊಡಕಿನ ಪರಿಹಾರವೂ ಇದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾರಯ್ಯ ಎಂಬ ಹೆಸರಿನವರು ಒಬ್ಬರಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದವರು ಆಯ್ದಕ್ಕಿ ಮಾರಯ್ಯ. ಕಟ್ಟಿಗೆಯ ಹೊರೆ ಹೊತ್ತು ಮಾರುತ್ತಿದ್ದವರು ಮೋಳಿಗೆ ಮಾರಯ್ಯ. ನಗೆಯ ಮಾರಿತಂದೆ, ಅರಿವಿನ ಮಾರಿತಂದೆ, ಕಂಬದ ಮಾರಿತಂದೆ ಎಂಬವರೂ ಹೀಗೆಯೇ ಬೇರೆಬೇರೆಯಾಗಿ ನಿಲ್ಲುತ್ತಾರೆ. ವಚನಕಾರ್ತಿಯರಲ್ಲಿ ಮೂವರು ಕಾಳವ್ವೆಯರಿದ್ದಾರೆ: ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ. ಅರಸು ಬಿರುದಿಲ್ಲದ, ಸಂಪತ್ತಿಲ್ಲದ ಈ ಸ್ತ್ರೀಪುರುಷರು ಎಂಟು ಶತಮಾನಗಳ ನಂತರವೂ ಒಬ್ಬರೊಳಗೊಬ್ಬರು ಕರಗಿಹೋಗದೆ ಉಳಿದಿರುವುದು ಹೆಸರಿನ ಬಲದಿಂದಲ್ಲ, ಹೆಸರಿನೊಡನೆ ಕಟ್ಟಿಕೊಟ್ಟ ಕಾಯಕದ, ಸಂಬಂಧದ ವಿವರದಿಂದ.

ಇದರ ಜೊತೆಗೆ ಅಂಕಿತವೂ ಇದೆ. ಆಯ್ದಕ್ಕಿ ಮಾರಯ್ಯನ ವಚನ 'ಅಮರೇಶ್ವರಲಿಂಗ'ದಲ್ಲಿ ಮುಗಿದರೆ, ಮೋಳಿಗೆ ಮಾರಯ್ಯನದು 'ನಿಃಕಳಂಕ ಮಲ್ಲಿಕಾರ್ಜುನ'ನಲ್ಲಿ ಮುಗಿಯುತ್ತದೆ. ಹರಿದಾಸರಲ್ಲಿ ವಿಠ್ಠಲನ ನಾಮ ಹಲವರಿಗೆ ಸಾಮಾನ್ಯವಾದರೂ ಪುರಂದರ ವಿಠ್ಠಲ, ವಿಜಯ ವಿಠ್ಠಲ, ಗೋಪಾಲ ವಿಠ್ಠಲ, ಜಗನ್ನಾಥ ವಿಠ್ಠಲ ಎಂದು ಒಂದು ಪದ ಸೇರಿದೊಡನೆ ಹಾಡಿದವರು ಯಾರೆಂಬುದು ತಿಳಿಯುತ್ತದೆ. ಬಾಯಿಂದ ಬಾಯಿಗೆ ಸಾಗುವ ಮಾತು ಒಡೆಯನಿಂದ ಅಗಲಿಹೋಗದಂತೆ ಮಾತಿನೊಳಗೇ ಹೊಲಿದಿಟ್ಟ ಗುರುತು ಅದು. ಇಂದಿನ ಧ್ವನಿಮುದ್ರಣದಲ್ಲಿಯೂ ಮಾಡಬೇಕಾದುದು ಇದನ್ನೇ.

ತೀರ ಈಚಿನ ಉದಾಹರಣೆಯೂ ಉಂಟು. ಡಿಸೆಂಬರ್ 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಸಹೋದ್ಯೋಗಿಗಳು ತುಳುವಿನ ಸಿರಿ ಮಹಾಕಾವ್ಯವನ್ನು ಅದರ ಗಾಯಕರಿಂದ ಹಾಡಿಸಿ ಮುದ್ರಿಸಿಕೊಂಡರು. 15,683 ಸಾಲುಗಳ ಆ ಕಾವ್ಯವು 1998ರಲ್ಲಿ ಪ್ರಕಟವಾಯಿತು. ಗೋಪಾಲ ನಾಯ್ಕ ಎಂಬ ಹೆಸರಿನವರು ದಕ್ಷಿಣ ಕನ್ನಡದಲ್ಲಿ ಎಷ್ಟೋ ಮಂದಿ ಇರಬಹುದು. ಆದರೆ 'ಮಾಚಾರು ಗೋಪಾಲ ನಾಯ್ಕ' ಎಂದೊಡನೆ ವಿದ್ವಾಂಸರಿಗೆ ಸಂದೇಹ ಉಳಿಯುವುದಿಲ್ಲ. ಒಂದು ಊರಿನ ಹೆಸರು ಮಾಡುವ ಕೆಲಸವಿದು.

ವಲಸೆಯಲ್ಲಿ ಹೆಸರಿನ ರೂಪಾಂತರ

ಊರಿನಲ್ಲಿ ವ್ಯಕ್ತಿಯ ಹೆಸರಿನ ಸುತ್ತ ಇಂತಹ ಗುರುತುಗಳು ತಾವಾಗಿಯೇ ಇದ್ದವು. ಕರಾವಳಿಯಲ್ಲಿ ಗುತ್ತು, ಮನೆ, ಬರಿಗಳ ಹೆಸರು. ಹಳೆಯ ಮೈಸೂರು ಕಡೆ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು. ಉತ್ತರ ಕರ್ನಾಟಕದಲ್ಲಿ ಊರಿನಿಂದಲೋ ವೃತ್ತಿಯಿಂದಲೋ ಬಂದ ಅಡ್ಡಹೆಸರು. ಮಹಾರಾಷ್ಟ್ರದ ಶಾಲೆ, ಕಚೇರಿ, ಕಾರ್ಖಾನೆಗಳ ಪದ್ಧತಿ ಬೇರೆ. ಅಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಉಪನಾಮ ಎಂಬ ಮೂರು ಖಾನೆಗಳು. ಆ ಖಾನೆಗಳಲ್ಲಿ ಹಿಡಿಸದ ಊರು, ಗುತ್ತು, ಮನೆಗಳು ರೈಲು ಇಳಿದ ದಿನವೇ ಕಳಚಿಬಿದ್ದವು. ಉಪನಾಮವೇ ಇಲ್ಲದವರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಉಪನಾಮವಾಗಿ ಬರೆಯಿಸಿಕೊಂಡರು. ಹೀಗೆ ಒಬ್ಬರೇ ವ್ಯಕ್ತಿ ಊರಿನ ಕಾಗದದಲ್ಲಿ ಒಂದು ಹೆಸರಿನವರು, ಇಲ್ಲಿನ ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರಿನವರು ಆಗಿರುವುದುಂಟು.

ಉಪನಾಮವನ್ನು ನಂಬಿ ಕುಟುಂಬವನ್ನು ನಿರ್ಣಯಿಸುವುದೂ ಸುರಕ್ಷಿತವಲ್ಲ. ಸುವರ್ಣ, ಸಾಲಿಯಾನ್, ಬಂಗೇರ ಎಂಬ ಹೆಸರುಗಳು ಬಿಲ್ಲವರಲ್ಲಿಯೂ ಮೊಗವೀರರಲ್ಲಿಯೂ ಉಂಟು. ಅಳಿಯಸಂತಾನದ ಮನೆತನಗಳಲ್ಲಿ ಬರಿ ಬರುವುದು ತಾಯಿಯ ಕಡೆಯಿಂದ. ಮುಂಬಯಿಯ ಶಾಲೆಯ ದಾಖಲೆಯಲ್ಲಿ ಮಗುವಿಗೆ ಸೇರುವುದು ತಂದೆಯ ಉಪನಾಮ. ಆದುದರಿಂದ ಒಂದೇ ತರವಾಡಿನವರು ಬೇರೆಬೇರೆ ಉಪನಾಮಗಳಲ್ಲಿಯೂ, ಸಂಬಂಧವೇ ಇಲ್ಲದವರು ಒಂದೇ ಉಪನಾಮದಲ್ಲಿಯೂ ಕಾಣಿಸಿಕೊಳ್ಳಬಹುದು. ಸ್ತ್ರೀಯರ ಪಾಡು ಇನ್ನೂ ಜಟಿಲ. ವಿವಾಹದ ನಂತರ ಉಪನಾಮ ಬದಲಾಗುವುದು ಮಾತ್ರವಲ್ಲ, ಕೆಲವು ಸಮಾಜಗಳಲ್ಲಿ ಸ್ವಂತ ಹೆಸರೇ ಬದಲಾಗುತ್ತಿತ್ತು. ತವರಿನ ಹೆಸರಿನಲ್ಲಿ ಹಿಡಿದ ಎಳೆ ಗಂಡನ ಮನೆಯ ಹೊಸ್ತಿಲಲ್ಲಿ ತುಂಡಾಗುತ್ತದೆ. ಮಹಾರಾಷ್ಟ್ರ ಸರಕಾರವು 1 ಮೇ 2024ರಂದು ಮತ್ತು ಅದರ ನಂತರ ಹುಟ್ಟಿದವರ ದಾಖಲೆಗಳಲ್ಲಿ ಸ್ವಂತ ಹೆಸರಿನ ಬೆನ್ನಿಗೆ ತಾಯಿಯ ಹೆಸರನ್ನು ಬರೆಯುವುದನ್ನು ಕಡ್ಡಾಯಗೊಳಿಸಿದೆ. ಇದು ಗಮನಾರ್ಹ ಕ್ರಮ. ಆದರೆ ಹಿರಿಯ ತಲೆಮಾರಿಗೆ ಇದು ಅನ್ವಯಿಸದು. ಅವರ ತಾಯಂದಿರ ಹೆಸರನ್ನು ಕೇಳಿ ಬರೆದುಕೊಳ್ಳುವ ಹೊಣೆ ಕಿರಿಯರದೇ.

ಹೆಸರು ಬೆರೆತರೆ ಹಾನಿಯೇನು?

ಮಾದರಿಗಾಗಿ ಸುಂದರ ಶೆಟ್ಟಿ ಎಂಬ ಹೆಸರಿನ ಮೂವರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಥಾಣೆಯ ಉಪಾಹಾರಗೃಹದಲ್ಲಿ ಮೇಜು ಒರೆಸುವ ಹುಡುಗರಾಗಿ ಸೇರಿ, ರಾತ್ರಿಶಾಲೆಯಲ್ಲಿ ಕಲಿತು, ಗಲ್ಲಾದ ಮೇಲೆ ಕುಳಿತವರು. ಎರಡನೆಯವರು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಮೂರನೆಯವರು ಕಲ್ಯಾಣಿನಿಂದ ಬ್ಯಾಂಕಿನ ನೌಕರಿಗೆ ಓಡಾಡಿ, ನಿವೃತ್ತಿಯ ತರುವಾಯ ವಾಶಿಯಲ್ಲಿ ಮಗನೊಡನೆ ನೆಲಸಿದವರು. ಮೂವರ ಮಾತೂ 'ಸುಂದರ ಶೆಟ್ಟಿ, ಮುಂಬಯಿ' ಎಂಬ ಒಂದೇ ಚೀಟಿಯ ಕೆಳಗೆ ಸೇರಿದರೆ, ಇಪ್ಪತ್ತು ವರ್ಷಗಳ ನಂತರ ಅಭ್ಯಾಸಿಗೆ ದೊರೆಯುವುದೇನು? ಎಂದೂ ಬದುಕಿರದ ಒಬ್ಬ ನಾಲ್ಕನೆಯ ಸುಂದರ ಶೆಟ್ಟಿ! ದಿನಕ್ಕೆ ಹದಿನಾಲ್ಕು ಗಂಟೆ ನಿಂತು ದುಡಿದವರ ಕಾಲಿನ ಉಬ್ಬಿದ ರಕ್ತನಾಳ, ಕಾರ್ಖಾನೆಯ ಹೊಗೆ ಕುಡಿದವರ ಕೆಮ್ಮು, ಕುಳಿತು ಲೆಕ್ಕ ಬರೆದವರ ಬೆನ್ನುನೋವು ಎಲ್ಲವೂ ಒಬ್ಬನ ಮೈಗೇ ಅಂಟಿಕೊಳ್ಳುತ್ತವೆ. ಯಾವ ವೃತ್ತಿ ಯಾವ ರೋಗವನ್ನು ತಂದಿತು ಎಂಬ, ಸಮಾಜಕ್ಕೆ ಉಪಯುಕ್ತವಾದ ಸಾಕ್ಷ್ಯ ಹಾಳಾಗುತ್ತದೆ. ಸಂಕಟದ ಮಾತನ್ನು ಧೈರ್ಯದಿಂದ ಹೇಳಿದವರಿಗೆ ಸಲ್ಲಬೇಕಾದ ಗೌರವವೂ ಸಲ್ಲುವುದಿಲ್ಲ.

ಆಸ್ಪತ್ರೆಗಳಿಗೆ ಈ ಅಪಾಯ ಚೆನ್ನಾಗಿ ತಿಳಿದಿದೆ. ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ವಾರ್ಡಿನಲ್ಲಿದ್ದರೆ ಒಬ್ಬರ ರಕ್ತ, ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ರೋಗಿಗಳ ಸುರಕ್ಷತೆಗಾಗಿ ಸೂಚಿಸಿದ ಒಂಬತ್ತು ಪರಿಹಾರಗಳಲ್ಲಿ ರೋಗಿಯ ಸರಿಯಾದ ಗುರುತೂ ಒಂದು. ಹೆಸರಿನೊಡನೆ ಜನ್ಮದಿನಾಂಕದಂತಹ ಇನ್ನೊಂದು ವಿವರವಿರಬೇಕು, ಒಟ್ಟು ಎರಡು ಗುರುತುಗಳಾದರೂ ತಾಳೆಯಾಗಬೇಕು, ಹಾಸಿಗೆಯ ಸಂಖ್ಯೆಯನ್ನು ಗುರುತೆಂದು ನಂಬಕೂಡದು, ರಕ್ತದ ಮಾದರಿಯ ಶೀಶೆಗೆ ಚೀಟಿಯನ್ನು ರೋಗಿಯ ಎದುರಿನಲ್ಲೇ ಅಂಟಿಸಬೇಕು ಎಂಬುದು ಅದರ ಸಾರಾಂಶ. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಇದನ್ನು ನೆನಪಿಡುವುದು ಒಳಿತು. ಧ್ವನಿಮುದ್ರಣಕ್ಕೂ ಇದೇ ನಿಯಮ: ಚೀಟಿಯನ್ನು ಹಿರಿಯರ ಎದುರಿನಲ್ಲೇ ಬರೆಯಬೇಕು, 'ಆಮೇಲೆ ಬರೆದರಾಯಿತು' ಎನ್ನಬಾರದು.

ಸಂದರ್ಶನದ ಕ್ರಮ

ಸಂಘಗಳೂ ಕುಟುಂಬಗಳೂ ಅನುಸರಿಸಬಹುದಾದ ಒಂದು ಸರಳ ಕ್ರಮವನ್ನು ಇಲ್ಲಿ ಕೊಡಲಾಗಿದೆ.

1. ಮುದ್ರಣದ ಆರಂಭದಲ್ಲಿಯೇ ಹಿರಿಯರು ತಮ್ಮ ಬಾಯಿಂದಲೇ ತಮ್ಮ ಹೆಸರು, ಊರಿನಲ್ಲಿ ಕರೆಯುತ್ತಿದ್ದ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ವರ್ಷ, ಊರು, ಮನೆ ಅಥವಾ ಗುತ್ತಿನ ಹೆಸರು, ಮಾಡಿದ ಮುಖ್ಯ ಉದ್ಯೋಗ ಇವನ್ನು ಹೇಳಲಿ. ಸ್ತ್ರೀಯರು ವಿವಾಹಪೂರ್ವದ ಹೆಸರನ್ನೂ ಹೇಳಲಿ. ಇದು ಅವರ ಅಂಕಿತ.

2. ಪ್ರತಿಯೊಂದು ಮುದ್ರಣಕ್ಕೂ ಬದಲಾಗದ ಒಂದು ಕ್ರಮಸಂಖ್ಯೆಯಿರಲಿ: ಊರಿನ ಮೊದಲಕ್ಷರ, ವರ್ಷ, ಸಂಖ್ಯೆ. ಮೊಬೈಲಿನಲ್ಲಿ 'ಅಜ್ಜ 1', 'ಶೆಟ್ಟಿ ಹೊಸದು' ಎಂದು ಉಳಿಸಿದ ಮುದ್ರಣವು ಕೆಲವೇ ತಿಂಗಳಲ್ಲಿ ಅನಾಥವಾಗುತ್ತದೆ.

3. ಗ್ರಂಥಾಲಯಗಳಲ್ಲಿ ಒಂದೇ ಹೆಸರಿನ ಲೇಖಕರನ್ನು ಬೇರ್ಪಡಿಸಲು ಹೆಸರಿನ ಮುಂದೆ ಜನ್ಮವರ್ಷವನ್ನು ಸೇರಿಸುವುದುಂಟು. ಸಂಘದ ಪಟ್ಟಿಯಲ್ಲಿ ವರ್ಷದೊಡನೆ ಊರನ್ನೂ ಉದ್ಯೋಗವನ್ನೂ ಸೇರಿಸಬೇಕು. ಹಿರಿಯರಲ್ಲಿ ಅನೇಕರಿಗೆ ಶಾಲೆಯಲ್ಲಿ ಬರೆಯಿಸಿದ ಜನ್ಮದಿನ ನಿಜವಾದ ಜನ್ಮದಿನವಲ್ಲ.

4. ವರ್ಷ ನೆನಪಿಲ್ಲದವರಿಗೆ ಎಲ್ಲರೂ ಬಲ್ಲ ಘಟನೆಯ ಆಸರೆ ಕೊಡಬೇಕು. 'ಮಹಾರಾಷ್ಟ್ರ ರಾಜ್ಯವಾಗುವ ಮೊದಲೇ?' ಎಂದರೆ 1960. 'ಗಿರಣಿ ಮುಷ್ಕರದ ಕಾಲಕ್ಕೇ?' ಎಂದರೆ 1982. 'ವಾಶಿಗೆ ರೈಲು ಬಂದ ಮೇಲೆಯೇ?' ಎಂದರೆ 1992. 'ಆ ಮಹಾಮಳೆಯ ದಿನ ಎಲ್ಲಿದ್ದಿರಿ?' ಎಂದರೆ 26 ಜುಲೈ 2005. ಒಂದೇ ಹೆಸರಿನ ಇಬ್ಬರು ಒಂದೇ ದಿನ ಎರಡು ಕಡೆ ಇದ್ದರೆಂಬುದು ಹೀಗೆ ಗೊತ್ತಾಗುತ್ತದೆ.

5. ಎರಡು ನುಡಿಗಳು ಹೊಂದದಿದ್ದರೆ ಒಂದನ್ನು ಅಳಿಸಬಾರದು. ಮಾತನ್ನು ಇದ್ದಂತೆಯೇ ಉಳಿಸಿ, ಸಂದೇಹವನ್ನು ಪಕ್ಕದಲ್ಲಿ ಬರೆಯಬೇಕು. ಇಬ್ಬರನ್ನು ಒಬ್ಬರೆಂದು ಬೆರೆಸುವುದು ಸುಲಭ. ಬೆರೆಸಿದ ಮೇಲೆ ಬಿಡಿಸುವುದು ನಾಗವರ್ಮರ ವಿಷಯದಲ್ಲಿ ಆದಂತೆ ಬಹುಕಾಲದ ಕೆಲಸ.

6. ಹಿರಿಯರ ಲಿಖಿತ ಒಪ್ಪಿಗೆ ಇರಲಿ. ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ, ಬ್ಯಾಂಕಿನ ವಿವರಗಳನ್ನು ಚೀಟಿಯ ಮೇಲೆ ಎಂದೂ ಬರೆಯಕೂಡದು. ಪ್ರತಿಯನ್ನು ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು.

ಹಿರಿಯರ ಆರೋಗ್ಯಕ್ಕೆ ಗಮನ

ಸಂದರ್ಶನವು ಹಿರಿಯರಿಗೆ ದಣಿವಾಗಬಾರದು. ಒಂದು ಬಾರಿಗೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಸಾಕು. ಮಧುಮೇಹವಿದ್ದವರ ಊಟ, ಮಾತ್ರೆಗಳ ವೇಳೆ ತಪ್ಪದಂತೆ ನೋಡಬೇಕು. ಕಿವಿ ಮಂದವಾದವರ ಎದುರಿಗೇ ಕುಳಿತು, ಕೂಗದೆ, ನಿಧಾನವಾಗಿ ಕೇಳಬೇಕು. ಪಂಖ ಮತ್ತು ಟಿ.ವಿ.ಗಳ ಸದ್ದು ನಿಲ್ಲಿಸಿದರೆ ಅವರಿಗೂ ಅನುಕೂಲ, ಮುದ್ರಣಕ್ಕೂ ಅನುಕೂಲ. ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನ ನೆನಪುಗಳು ಮುಪ್ಪಿನಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತವೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಊರು ಬಿಟ್ಟು ಬಂದುದು ಬಹುಮಂದಿಗೆ ಅದೇ ವಯಸ್ಸಿನಲ್ಲಿ. ಆದುದರಿಂದ ನಿನ್ನೆಯ ಊಟ ಮರೆತವರೂ ಮೊದಲ ದಿನ ಮಲಗಿದ ಜಾಗವನ್ನು ವರ್ಣಿಸಬಲ್ಲರು. ವೃದ್ಧರು ಹಿಂದಿನದನ್ನೇ ಮತ್ತೆಮತ್ತೆ ನೆನೆಯುವುದು ಬುದ್ಧಿ ಕುಂದಿದ ಲಕ್ಷಣವಲ್ಲ, ಬಾಳನ್ನು ತೂಗಿನೋಡುವ ಸಹಜ ಕ್ರಿಯೆ ಎಂದು ಅಮೇರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿಯೇ ಪ್ರತಿಪಾದಿಸಿದರು. ಆದರೆ ನೋವಿನ ನೆನಪು ಉಕ್ಕಿದಾಗ ಮುದ್ರಣ ನಿಲ್ಲಿಸುವ ಸೌಜನ್ಯ ಅಗತ್ಯ. ಅವರಿಂದ ಪಡೆಯುವ ಕಥೆಗಿಂತ ಅವರ ನೆಮ್ಮದಿ ದೊಡ್ಡದು.

ಉಪಸಂಹಾರ

16 ಏಪ್ರಿಲ್ 1853ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಅದು ಕಲ್ಯಾಣಿಗೆ ಮುಂದುವರಿಯಿತು. ಆ ಹಳಿಗಳ ಗುಂಟ ಬಂದಿಳಿದ ಕನ್ನಡಿಗರಲ್ಲಿ ಮೊದಲಿನವರ ಹೆಸರುಗಳು ಇಂದು ಬಹುಪಾಲು ನಷ್ಟವಾಗಿವೆ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ಸುಮಾರು 10 ಲಕ್ಷ. ಗಣತಿಯು ಎಣಿಸುತ್ತದೆ, ಆದರೆ ಯಾರು ಯಾರೆಂದು ಹೇಳುವುದಿಲ್ಲ. ಆಧಾರದ ಹನ್ನೆರಡು ಅಂಕಿಗಳು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುತ್ತವೆ, ಆದರೆ ಅವರು ಹೇಗೆ ಬಾಳಿದರೆಂಬುದನ್ನು ತಿಳಿಸುವುದಿಲ್ಲ. ಆ ಎರಡನ್ನೂ ಒಟ್ಟಿಗೆ ಮಾಡಬಲ್ಲದ್ದು ಸರಿಯಾದ ಗುರುತಿನೊಡನೆ ಕಾಪಿಟ್ಟ ನುಡಿ.

ಊರಿನಿಂದ ಬರಿಗೈಯಲ್ಲಿ ಬಂದ ತಲೆಮಾರಿನವರು ಈಗ ಎಂಬತ್ತು, ತೊಂಬತ್ತರ ಅಂಚಿನಲ್ಲಿದ್ದಾರೆ. ಪ್ರತಿಯೊಂದು ಸಂಘವೂ ತನ್ನ ಸದಸ್ಯರ ಪಟ್ಟಿಯಲ್ಲಿ ಒಂದೇ ಹೆಸರಿನವರನ್ನು ಮೊದಲು ಗುರುತಿಸಿ, ಅವರ ಮನೆಗಳಿಂದಲೇ ಈ ಕಾರ್ಯವನ್ನು ಆರಂಭಿಸಿದರೆ, ಬೆರೆತುಹೋಗುವ ಅಪಾಯ ಹೆಚ್ಚಾಗಿರುವವರು ಮೊದಲು ಉಳಿದುಕೊಳ್ಳುತ್ತಾರೆ. ಇದಕ್ಕೆ ಬೇಕಾದುದು ಒಂದು ಮೊಬೈಲು, ಒಂದು ನೋಟುಪುಸ್ತಕ, ತಿಂಗಳಲ್ಲಿ ಎರಡು ಭಾನುವಾರಗಳ ಬಿಡುವು. ಕೇಳಬೇಕಾದ ಮೊದಲ ಪ್ರಶ್ನೆಯೂ ಕಠಿನವಲ್ಲ: 'ನಿಮ್ಮ ತಾಯಿಯ ಹೆಸರೇನು, ಊರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?'